ಎರಿ ಮಣ್ಣಿನ ದಾರಿ, ಎತ್ತರದ ಗಾಡಿ: ಲಿಫ್ಟ್ ಕಿಟ್ ಹಾಕಿಸುವ ಮೊದಲು

ಅಕ್ಕಲಕೋಟ: ಉತ್ತರಿ ಮಳೆ ಹಿಡಿಯಿತೆಂದರೆ ನಮ್ಮ ತಾಲೂಕಿನ ವಸ್ತಿಗಳ ಜನಕ್ಕೆ ಊರೇ ದೂರ ಆಗುತ್ತದೆ. ಡಾಂಬರು ಊರತನಕ ಮಾತ್ರ. ಅಲ್ಲಿಂದ ಹೊಲದೊಳಗಿನ ವಸ್ತಿಗೆ ಒಂದು, ಒಂದೂವರೆ ಕಿ.ಮೀ. ಎರಿ ಮಣ್ಣಿನ ಬಂಡಿ ದಾರಿ. ಬೇಸಿಗೆಯಲ್ಲಿ ಫರಸಿಯಂತೆ ಗಟ್ಟಿ, ಮಳೆ ಬಿದ್ದರೆ ನಾದಿದ ಹಿಟ್ಟು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲಷ್ಟೇ ಮೇಲೆ ಬರುತ್ತದೆ.

ದುಧನಿ ಕಡೆಯ ಇಂಥದೊಂದು ವಸ್ತಿಯಲ್ಲಿ ನನ್ನ ಸೋದರಮಾವ ಇರುತ್ತಾರೆ. ಅತ್ತಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಡಯಾಲಿಸಿಸ್‌ಗೆ ಹೋಗಲೇಬೇಕು. ಅದಕ್ಕಂತಲೇ ಮಾಮಾ ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬಿನ್ ಪಿಕಪ್ ತೆಗೆದುಕೊಂಡರು. ಫೋರ್ ವ್ಹೀಲ್ ಗಾಡಿ, ಹಿಂದೆ ತೊಗರಿ ಚೀಲಕ್ಕೂ ಜಾಗ ಇದೆ. ಆದರೆ ಒಂದು ಮಳೆಗಾಲದ ಬೆಳಗ್ಗೆ ವಸ್ತಿಯಿಂದ ಎರಡು ಹೊಲ ದಾಟುವುದರೊಳಗೆ ಗಾಡಿ ಹೂತು ನಿಂತಿತು. ಹೊಟ್ಟೆ ಮಣ್ಣಿಗೆ ಕೂತಿತ್ತು, ಚಕ್ರ ಗರಗರ ತಿರುಗುತ್ತಿತ್ತು. ಪಕ್ಕದ ವಸ್ತಿಯ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಮೂರು ತಾಸು ಹೋಗಿತ್ತು. ಅತ್ತಿ ಒಳಗೆ ಕೂತೇ ಇದ್ದಳು.

ಆ ದಿನ ರಾತ್ರಿ ಮಾಮಾ ಫೋನ್ ಮಾಡಿದರು. "ಗಾಡಿ ಎತ್ತರ ಮಾಡ್ಸೋದ್ ನೋಡಪಾ. ಮೂರು ಇಂಚ್ ಲಿಫ್ಟ್, ದೊಡ್ಡ ಟಾಯರ್. ನಿನ್ನ ತಮ್ಮ ಮೊಬೈಲ್‌ದಾಗ ತೋರ್ಸ್ಯಾನ. ನೀ ಬಿ.ಕಾಂ. ಕಲ್ತಾಂವ, ಪೇಪರ್‌ದಾಗ ಬರಿತಿ. ಸ್ವಲ್ಪ ವಿಚಾರ್ಸಿ ಲೆಕ್ಕಾ ಹಾಕಿ ಹೇಳು."

ಹಾಗೆ ಶುರುವಾದ ವಿಚಾರಣೆ ಇದು. ಸೊಲ್ಲಾಪುರದ ಪಾಟಾ ಕೆಲಸದ ಮಿಸ್ತ್ರಿಗಳು, ಟೈರ್ ಅಂಗಡಿಯವರು, ದಿನಾ ಎರಿ ಹೊಲದಲ್ಲಿ ಗಾಡಿ ಓಡಿಸುವ ಡ್ರೈವರ್‌ಗಳು ಹೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ಜತ್ತ, ಅಕ್ಕಲಕೋಟ, ಮಂಗಳವೇಢಾ ಕಡೆ ಈಗ ಹರೆಯದ ಹುಡುಗರಿಗೆಲ್ಲ ಎತ್ತರದ ಗಾಡಿಯ ಹುಚ್ಚು. ಓದಿ ನಿರ್ಧಾರ ಮಾಡಲಿ.

ಎತ್ತರದಲ್ಲಿ ಎರಡು ಥರ

ಮೊದಲು ತಿಳಿಯಬೇಕಾದ ಮಾತು ಇದು. ಲಿಫ್ಟ್ ಕಿಟ್ ಹಾಕಿದರೆ ಏರುವುದು ಗಾಡಿಯ ಚಾಸಿ ಮತ್ತು ಬಾಡಿ. ಹಿಂದಿನ ಹೌಸಿಂಗ್ ಏರುವುದಿಲ್ಲ. ಹೌಸಿಂಗಿನ ನಡುವೆ ದಪ್ಪ ಗುಂಡಿನಂತೆ ಇಳಿಬಿದ್ದಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಬಂಡಿ ದಾರಿಯ ನಡುವಿನ ದಿಬ್ಬಕ್ಕೆ ಮೊದಲು ಬಡಿಯುವುದು ಅದೇ. ಅದನ್ನು ಮೇಲೆ ಎತ್ತುವುದು ದೊಡ್ಡ ಟೈರ್ ಮಾತ್ರ. ಅದೂ ಟೈರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧದಷ್ಟು.

ಹಾಗಾದರೆ ಲಿಫ್ಟ್ ಯಾಕೆ? ಎರಡು ಕಾರಣಕ್ಕೆ. ಒಂದು, ದೊಡ್ಡ ಟೈರ್ ಮಡ್‌ಗಾರ್ಡಿಗೆ ತಿಕ್ಕದಂತೆ ಜಾಗ ಮಾಡಲು. ಎರಡು, ಒಡ್ಡು ಏರುವಾಗ ಮುಂದಿನ ಬಂಪರ್, ಇಳಿಯುವಾಗ ಹಿಂದಿನ ಬಂಪರ್, ದಿಬ್ಬ ದಾಟುವಾಗ ನಡುಹೊಟ್ಟೆ ತಾಗದಂತೆ ಮಾಡಲು. ಹೂತ ಗಾಡಿ ಎಲ್ಲಿ ತಾಗಿತ್ತು ಎಂದು ನೋಡದೆ ಕಿಟ್ ಕೊಳ್ಳುವುದು, ರೋಗ ನೋಡದೆ ಗುಳಿಗೆ ನುಂಗಿದಂತೆ.

ಟೈರ್ ಮೇಲಿನ ಅಂಕಿ ಓದುವುದು

ಟೈರಿನ ಬದಿಗೆ 215/75 ಆರ್ 15 ಎಂದು ಬರೆದಿರುತ್ತದೆ. ನಮ್ಮ ಕಡೆ ಹಳ್ಳಿಹಳ್ಳಿಗೂ ಇರುವ ಬೊಲೆರೊ ಕಾರಿನ ಸೈಜ್ ಇದೇ. 215 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಅಂದರೆ ಆ ಅಗಲದ ನೂರಕ್ಕೆ 75ರಷ್ಟು ಟೈರಿನ ಗೋಡೆಯ ಎತ್ತರ. 15 ಅಂದರೆ ಡಿಸ್ಕ್ ಎಷ್ಟು ಇಂಚಿನದು ಎಂದು. ಲೆಕ್ಕ ಹಾಕಿದರೆ ಗೋಡೆ 161 ಮಿ.ಮೀ. ಮೇಲೂ ಕೆಳಗೂ ಎರಡು ಗೋಡೆ, ನಡುವೆ 381 ಮಿ.ಮೀ. ಡಿಸ್ಕ್. ಒಟ್ಟು ಎತ್ತರ ಸುಮಾರು 703 ಮಿ.ಮೀ.

ಅದೇ ಡಿಸ್ಕಿಗೆ 235/75 ಆರ್ 15 ಹಾಕಿದರೆ ಒಟ್ಟು ಎತ್ತರ ಸುಮಾರು 733 ಮಿ.ಮೀ. ಟೈರ್ 30 ಮಿ.ಮೀ. ದೊಡ್ಡದಾಯಿತು, ಹೌಸಿಂಗ್ ಏರಿದ್ದು 15 ಮಿ.ಮೀ. ಒಂದೂವರೆ ಸೆಂಟಿಮೀಟರ್, ಅಷ್ಟೇ. ಹುಡುಗರು ಕೇಳುವ 31 ಇಂಚಿನ ಟೈರ್ ಹಾಕಿದರೆ ಏರುವುದು ಸುಮಾರು 42 ಮಿ.ಮೀ. ಆದರೆ ಆ ಟೈರಿಗೆ ಬೇಕಾದ ಜಾಗ, ತಡೆಯುವ ಬ್ರೇಕ್, ಎಳೆಯುವ ಗೇರ್ ಆ ಗಾಡಿಗೆ ಕಂಪನಿ ಕೊಟ್ಟಿಲ್ಲ.

ಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ. 235ರ ಟೈರ್ ಮೇಲೆ ಮೀಟರ್ 80 ತೋರಿಸಿದರೆ ಗಾಡಿ ಓಡುತ್ತಿರುವುದು 83ರ ಮೇಲೆ. 31 ಇಂಚಿನದಾದರೆ 89ರ ಮೇಲೆ. ಕಿಲೋಮೀಟರ್ ಅಂಕಿಯೂ ಅದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತದೆ. "ದೊಡ್ಡ ಟಾಯರ್ ಹಾಕ್ದ ಮ್ಯಾಲ ಎವರೇಜ್ ಬಿತ್ತು" ಎನ್ನುವ ದೂರಿನಲ್ಲಿ ಒಂದು ಪಾಲು ನಿಜ, ಒಂದು ಪಾಲು ಮೀಟರಿನ ಮೋಸ. ಓಡಿದ್ದು 104 ಕಿ.ಮೀ., ಮೀಟರ್ ಬರೆದಿದ್ದು 100 ಎಂದಾದರೆ ಎವರೇಜ್ ತಾನಾಗಿಯೇ ಕಡಿಮೆ ಕಾಣುತ್ತದೆ.

ಪಾಟಾ, ಶ್ಯಾಕಲ್, ಸ್ಪೇಸರ್

ಗಾಡಿ ಎತ್ತುವ ದಾರಿ ಹಲವು. ಹಿಂದೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್ ಇರುವ ಗಾಡಿಗೆ ಒಂದು ಪಾಟಾ ಹೆಚ್ಚು ಸೇರಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಕಬ್ಬು, ಚೀಲ ಹೇರುವವರು ಇದನ್ನೇ ಮಾಡಿಸುತ್ತಾರೆ. ಹೇರು ಇದ್ದಾಗ ಸರಿ. ಖಾಲಿ ಇದ್ದಾಗ ಹಿಂದಿನ ಭಾಗ ಕುದುರೆಯಂತೆ ಜಿಗಿಯುತ್ತದೆ, ಟೈರ್ ನೆಲ ಬಿಡುತ್ತದೆ, ಒಳಗೆ ಕೂತ ಪೇಶಂಟ್‌ಗೆ ಸೊಂಟ ಉಳಿಯುವುದಿಲ್ಲ.

ಎರಡನೆಯದು ಉದ್ದ ಶ್ಯಾಕಲ್. ಅಗ್ಗ. ಆದರೆ ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು ಒಂದೇ ಇಂಚು. ಅಡ್ಡ ಓಲಾಟವೂ ಹೆಚ್ಚು. ಮೂರನೆಯದು ಹೌಸಿಂಗ್ ಮತ್ತು ಪಾಟಾ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದ ಯು-ಬೋಲ್ಟ್ ಬಿಗಿಯುವುದು. ಹಿಂದೆ ಮಾತ್ರ ಇದು ನಡೆಯುತ್ತದೆ. ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಎಂದೂ ಇಡಬಾರದು. ಬ್ರೇಕ್ ಒತ್ತಿದಾಗ ಅದು ಸರಿದರೆ ಸ್ಟೇರಿಂಗ್ ಕೈಯಲ್ಲಿರುವುದಿಲ್ಲ.

ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೆ ಮೇಲೆ ಸ್ಪೇಸರ್ ಕೂರಿಸುತ್ತಾರೆ. ಟಾರ್ಷನ್ ಬಾರ್ ಇದ್ದರೆ ಬೋಲ್ಟ್ ತಿರುವಿ ಎತ್ತುತ್ತಾರೆ. ಪಾನಾ ಒಂದಿದ್ದರೆ ಸಾಕು, ಸಾಮಾನು ಬೇಡ ಎಂದು ಇದು ಹುಡುಗರಿಗೆ ಬಹಳ ಪ್ರಿಯ. ಆದರೆ ಬಾರ್ ತಿರುವಿದರೆ ಚಕ್ರ ಕೆಳಗೆ ಇಳಿಯಲು ಜಾಗ ಉಳಿಯುವುದಿಲ್ಲ. ಗುಂಡಿಗೆ ಬಿದ್ದಾಗ ದಡ್ ಎನ್ನುತ್ತದೆ. ಮುಂದಿನ ಚಕ್ರಕ್ಕೆ ಜೋರು ಒಯ್ಯುವ ಆಕ್ಸಲ್ ಓರೆಯಾಗಿ ಅದರ ಜಾಯಿಂಟ್ ಮತ್ತು ರಬ್ಬರ್ ಬೂಟ್ ಬೇಗ ಹರಿಯುತ್ತವೆ.

ಬಾಡಿ ಲಿಫ್ಟ್ ಎಂಬುದು ಬೇರೆ. ಚಾಸಿ ಇದ್ದಲ್ಲೇ ಇರುತ್ತದೆ, ಚಾಸಿ ಮತ್ತು ಬಾಡಿ ನಡುವೆ ದಿಂಬು ಇಟ್ಟು ಬಾಡಿಯನ್ನಷ್ಟೇ ಎತ್ತುತ್ತಾರೆ. ಟೈರಿಗೆ ಜಾಗ ಸಿಗುತ್ತದೆ, ಹೊಟ್ಟೆ ಒಂದು ಮಿಲಿಮೀಟರೂ ಏರುವುದಿಲ್ಲ.

ಯಾವ ದಾರಿಯಲ್ಲಿ ಎತ್ತಿದರೂ ಅದರ ಜೊತೆ ಹತ್ತು ಕೆಲಸ ಬರುತ್ತವೆ. ಶಾಕ್ ಅಬ್ಸಾರ್ಬರ್ ಉದ್ದ ಸಾಕೇ? ಬ್ರೇಕಿನ ರಬ್ಬರ್ ಪೈಪ್ ಬಿಗಿಯಾಯಿತೇ? ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಕಂಪನ ಬಂತೇ? ಅಲೈನ್‌ಮೆಂಟ್ ಆಯಿತೇ? ಹೆಡ್‌ಲೈಟ್ ಎದುರಿನವನ ಕಣ್ಣಿಗೆ ಹೊಡೆಯುತ್ತದೆಯೇ? ಯು-ಬೋಲ್ಟ್ ಐನೂರು ಕಿ.ಮೀ. ನಂತರ ಮತ್ತೆ ಬಿಗಿಸಿದಿರಾ? ಕಿಟ್ಟಿನ ರೇಟ್ ಹೇಳುವ ಅಂಗಡಿಯವರು ಈ ಪಟ್ಟಿ ಹೇಳುವುದಿಲ್ಲ.

ಒಡ್ಡಿನ ಮೇಲೆ ಓರೆಯಾದಾಗ

ಎತ್ತರಕ್ಕೆ ಕೊಡಬೇಕಾದ ದೊಡ್ಡ ಬೆಲೆ ರೂಪಾಯಿಯದಲ್ಲ. ಒಂದು ಉದಾಹರಣೆ. ಎಡಬಲ ಚಕ್ರಗಳ ನಡುವೆ 140 ಸೆಂ.ಮೀ. ಇದೆ, ಗಾಡಿಯ ತೂಕದ ನಡುಬಿಂದು ನೆಲದಿಂದ 70 ಸೆಂ.ಮೀ. ಮೇಲಿದೆ ಎನ್ನೋಣ. ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದರೆ 1. ಈ ಅಂಕಿ ಹೆಚ್ಚಿದ್ದಷ್ಟು ಗಾಡಿ ಗಟ್ಟಿಯಾಗಿ ಕೂರುತ್ತದೆ. ಟೈರ್, ಲಿಫ್ಟ್ ಎರಡೂ ಸೇರಿ ಆ ನಡುಬಿಂದು ಏಳೂವರೆ ಸೆಂ.ಮೀ. ಏರಿದರೆ ಅಂಕಿ 0.90ಕ್ಕೆ ಇಳಿಯುತ್ತದೆ. ಪಲ್ಟಿಯಾಗುವುದರ ವಿರುದ್ಧ ಇದ್ದ ಬಲದಲ್ಲಿ ಹತ್ತನೇ ಒಂದು ಪಾಲು ಹೋಯಿತು. ಮೇಲೆ ಚೀಲ ಹೇರಿದರೆ ಇನ್ನೂ ಹೋಯಿತು. ಅಡ್ಡ ಬಂದ ನಾಯಿ ತಪ್ಪಿಸಲು ಸ್ಟೇರಿಂಗ್ ಥಟ್ಟನೆ ಎಳೆದಾಗ ಇದರ ಅರ್ಥ ಗೊತ್ತಾಗುತ್ತದೆ.

ಭಾರದ ಟೈರ್ ನಿಲ್ಲಿಸಲು ಬ್ರೇಕಿಗೆ ಹೆಚ್ಚು ಕೆಲಸ. ಗಾಡಿ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಏರಿನಲ್ಲಿ ಗೇರ್ ಎಳೆಯುವುದಿಲ್ಲ, ಕ್ಲಚ್ ಸುಡುತ್ತದೆ.

ಎರಿ ಮಣ್ಣಿಗೆ ಯಾವ ಟೈರ್?

ಟೈರಿನಲ್ಲಿ ಮೂರು ಜಾತಿ. ಎಚ್.ಟಿ. ಡಾಂಬರಿಗೆ, ಎ.ಟಿ. ಎರಡಕ್ಕೂ, ಎಂ.ಟಿ. ಕೆಸರಿಗೆ. ಹೆಸರು ಕೇಳಿ ಎಲ್ಲರೂ ಎಂ.ಟಿ. ಕಡೆ ಕೈ ಚಾಚುತ್ತಾರೆ. ಅದರ ದೊಡ್ಡ ಗಟ್ಟಿಗಳ ನಡುವೆ ಅಗಲ ಸಂದು ಇರುವುದರಿಂದ ಮಣ್ಣು ಹೊರಗೆ ಎಸೆಯುತ್ತದೆ ನಿಜ. ಆದರೆ ಅಂಟಿನಂಥ ಎರಿ ಮಣ್ಣು ನಿಧಾನ ತಿರುಗುವ ಎಂ.ಟಿ.ಯನ್ನೂ ತುಂಬಿ ಹೋಳಿಗೆಯಂತೆ ನುಣ್ಣಗೆ ಮಾಡುತ್ತದೆ. ಸೊಲ್ಲಾಪುರದ ಡಾಂಬರಿನಲ್ಲಿ ಅದು ಗುಂಯ್ ಎಂದು ಕೂಗುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಒಂದು ಕಿ.ಮೀ. ಕೆಸರು, ಎಪ್ಪತ್ತು ಕಿ.ಮೀ. ಡಾಂಬರು ಇರುವವರಿಗೆ ಎ.ಟಿ. ಸಾಕು.

ಅಗಲವೋ ಸಣ್ಣದೋ ಎಂಬ ವಾದವೂ ಇದೆ. ಹಳೆಯ ಜೀಪುಗಳ ಸಣ್ಣ ಟೈರ್ ಕೆಸರು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ಮಸಾರಿ, ಮುರುಮಿನ ನೆಲಕ್ಕೆ ಅದು ಸರಿ. ಆಳದ ಎರಿ ಭೂಮಿಯಲ್ಲಿ ಕೊಯ್ದಷ್ಟೂ ಕೆಳಗೆ ಎರಿಯೇ. ಅಲ್ಲಿ ಟೈರ್ ಮೇಲೆ ತೇಲಿದಂತೆ ಹೋಗಬೇಕು. ಅದಕ್ಕೆ ಅಗ್ಗದ ಉಪಾಯ ಗಾಳಿ ಇಳಿಸುವುದು. ರಸ್ತೆಯ ಮೇಲೆ 32-35 ಪಾಯಿಂಟ್ ಗಾಳಿ ಇರುವ ಟೈರನ್ನು 20ಕ್ಕೆ ಇಳಿಸಿದರೆ ಅದು ಉದ್ದಕ್ಕೆ ಹರಡಿಕೊಂಡು ನೆಲ ಹಿಡಿಯುತ್ತದೆ. ಹೇರು ಇರಬಾರದು, ನಿಧಾನ ಓಡಿಸಬೇಕು. 18ಕ್ಕಿಂತ ಕೆಳಗೆ ಇಳಿಸಿದರೆ ಟ್ಯೂಬ್‌ಲೆಸ್ ಟೈರ್ ಡಿಸ್ಕ್ ಬಿಡುವ ಭಯ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಬಿಸಿಯಾಗಿ ಒಡೆಯುತ್ತದೆ. ಬ್ಯಾಟರಿಗೆ ಹಚ್ಚುವ ಸಣ್ಣ ಪಂಪ್, ಗಾಳಿ ನೋಡುವ ಗೇಜ್, ಇವೆರಡರ ಖರ್ಚು ಒಂದು ಟೈರಿನ ಬೆಲೆಯೂ ಆಗುವುದಿಲ್ಲ.

ವಹಿಯೊಳಗಿನ ಲೆಕ್ಕ

ಗಾಡಿ 12 ಎವರೇಜ್ ಕೊಡುತ್ತಿತ್ತು, ಭಾರದ ಟೈರಿನಿಂದ 11ಕ್ಕೆ ಇಳಿಯಿತು ಎನ್ನೋಣ. ವರ್ಷಕ್ಕೆ 18,000 ಕಿ.ಮೀ. ಓಡಿದರೆ ಮೊದಲು 1,500 ಲೀಟರ್ ಡೀಸೆಲ್, ಈಗ 1,636. ವರ್ಷಕ್ಕೆ 136 ಲೀಟರ್ ಹೆಚ್ಚು. ಕಿಟ್ ಒಂದೇ ಸಲದ ಖರ್ಚು, ಡೀಸೆಲ್ ಗಾಡಿ ಇರುವತನಕ. ಟೈರ್ ನಾಲ್ಕಲ್ಲ, ಐದು ಕೊಳ್ಳಬೇಕು. ಫೋರ್ ವ್ಹೀಲ್ ಗಾಡಿಗೆ ಸ್ಟೆಪ್ನಿ ಸಣ್ಣದು ಹಾಕಿ ಗಟ್ಟಿ ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿದರೆ ಗೇರುಗಳು ಒಂದಕ್ಕೊಂದು ಎಳೆದಾಡಿ ಮುರಿಯುತ್ತವೆ.

ಕಾನೂನು ಗಡಿಯ ಎರಡೂ ಕಡೆ ಒಂದೇ

ನಮ್ಮ ಗಾಡಿಗಳು ಎಂಎಚ್-13, ಎಂಎಚ್-10. ಬೀಗರ ಊರಿಗೆ, ಬಜಾರಕ್ಕೆ ಹೋಗುವುದು ಕೆಎ-28, ಕೆಎ-32ರ ಕಡೆ. ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ ಎಂಬ ಮಾತು ಸುಳ್ಳು. ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ಅದರ 52ನೇ ಕಲಮಿನ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ ಎನ್ನುತ್ತದೆ. ಲಿಫ್ಟ್ ಒಂದು, ಹೊರಗೆ ಚಾಚಿದ ಟೈರ್ ಇನ್ನೊಂದು ಎಂದು ಎಣಿಸುತ್ತ ಹೋದರೆ ಏನಾಗುತ್ತದೆಂದು ಓದುಗರೇ ಲೆಕ್ಕ ಹಾಕಲಿ.

ಅಂಗಡಿಯಲ್ಲಿ ಮಾರುತ್ತಾರೆ, ಬಿಲ್ಲು ಕೊಡುತ್ತಾರೆ. ಬಿಲ್ಲು ಪರವಾನಗಿ ಅಲ್ಲ. ಅಪಘಾತವಾದರೆ ವಿಮೆ ಕಂಪನಿಯ ಸರ್ವೇಯರ್ ಮೊದಲು ನೋಡುವುದು ಇದನ್ನೇ. ಕಂಪನಿ ಅದೇ ಮಾಡೆಲ್ಲಿನ ಬೇರೆ ವೇರಿಯಂಟಿಗೆ ತಾನೇ ಕೊಟ್ಟಿರುವ ಟೈರ್ ಸೈಜಿನೊಳಗೆ ಇರುವುದು ಕ್ಷೇಮದ ದಾರಿ. ಉದಾಹರಣೆಗೆ 2020ರಲ್ಲಿ ಬಂದ ಥಾರ್‌ಗೆ ಕಂಪನಿಯೇ 245/75 ಆರ್ 16 ಮತ್ತು 255/65 ಆರ್ 18 ಎಂದು ಎರಡು ಸೈಜ್ ಕೊಟ್ಟಿತು. ಅದರ ನೆಲದ ಅಂತರ 226 ಮಿ.ಮೀ. ಎತ್ತರದ ಗಾಡಿಯೇ ಬೇಕೆನ್ನುವವರು ಕಾರ್ಖಾನೆಯಿಂದಲೇ ಎತ್ತರ ಬಂದಿದ್ದನ್ನು ಕೊಳ್ಳುವುದು ಒಳ್ಳೆಯದು.

ಹೊಳೆ ದಾಟಲು ಅಲ್ಲ

2020ರ ಅಕ್ಟೋಬರ್ ನಡುವೆ ಬೋರಿ ನದಿ ಊರೊಳಗೆ ಬಂದದ್ದನ್ನು ನಮ್ಮ ತಾಲೂಕು ಮರೆತಿಲ್ಲ. ಎತ್ತರದ ಗಾಡಿ ಇದ್ದರೆ ನೀರು ದಾಟಬಹುದು ಎಂಬುದು ಅತಿ ಅಪಾಯದ ತಿಳುವಳಿಕೆ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲತೊಡಗುತ್ತದೆ. ಎರಡು ಅಡಿ ಇದ್ದರೆ ದೊಡ್ಡ ಗಾಡಿಗಳನ್ನೂ ಒಯ್ಯುತ್ತದೆ. ಗಾಳಿ ತುಂಬಿದ ದೊಡ್ಡ ಟೈರ್ ತಾನೇ ತೇಲುವ ವಸ್ತು. ಸೇತುವೆ ಮೇಲೆ ನೀರು ಕಂಡರೆ ಎಂಥ ಗಾಡಿಯಾದರೂ ಈಚೆ ದಂಡೆಯಲ್ಲೇ ನಿಲ್ಲಿಸಬೇಕು.

ಮಾಮಾನ ಗಾಡಿ ಏನಾಯಿತು?

ಇಷ್ಟು ವಿಚಾರಿಸಿಕೊಂಡು ಮಾಮಾನನ್ನು ಕರೆದುಕೊಂಡು ಪಾಟಾ ಕೆಲಸದ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ. ಅವರು ಕಿಟ್ಟಿನ ಮಾತೇ ಎತ್ತಲಿಲ್ಲ. ಟೇಪ್ ತಂದು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದರು. ಹಿಂದಿನ ಎಡಕ್ಕೂ ಬಲಕ್ಕೂ ಎರಡು ಬೆರಳು ಫರಕು ಇತ್ತು. ಆಮೇಲೆ ಕೆಳಗೆ ತೂರಿ ಪಾಟಾ ನೋಡಿ ಹೊರಬಂದರು.

"ಮಾಲಕರ, ನಿಮ್ಮ ಗಾಡಿ ಸಣ್ಣದಿಲ್ಲ, ಕೂತೈತಿ. ಹಿಂದಿನ ಮಾಲಕ ಉಸುಕು ಹೇರಿ ಹೇರಿ ಪಾಟಾ ಚಪ್ಪಟಿ ಮಾಡ್ಯಾನ. ಒಂದು ಪಾಟಾ ತುಂಡೂ ಆಗೈತಿ. ಮೊದಲ ಕಂಪನಿ ಎತ್ತರಕ್ಕ ತರ್ರಿ. ಆಮ್ಯಾಲ ಲಿಫ್ಟಿಂದು ಮಾತಾಡೂನು."

ಮಾಮಾ ನನ್ನ ಮುಖ ನೋಡಿದರು. ಹುಟ್ಟಿಗೆ ಬಂದ ಎತ್ತರವನ್ನೇ ಗಾಡಿ ಕಳೆದುಕೊಂಡಿತ್ತು. ಅದನ್ನು ಬಿಟ್ಟು ನಾವು ಮೂರು ಇಂಚು ಸಾಲ ತರಲು ಹೊರಟಿದ್ದೆವು.

ಎರಡೂ ಕಡೆ ಹೊಸ ಪಾಟಾ ಕಟ್ಟು, ಬುಶ್, ಶಾಕ್ ಅಬ್ಸಾರ್ಬರ್ ಹಾಕಿಸಿದರು. ಹಿಂಭಾಗ ನಾಲ್ಕು ಸೆಂ.ಮೀ. ಮೇಲೆ ಬಂತು. ಅದೂ ಕಾನೂನಿನೊಳಗೆ, ಕಂಪನಿಯ ಅಳತೆಗೆ. ಟೈರ್ ಸೈಜ್ ಬದಲಿಸಲಿಲ್ಲ, ಅದೇ ಸೈಜಿನ ಎ.ಟಿ. ಐದು ತಂದರು. ಪಂಪ್, ಗೇಜ್, ಎಳೆಯುವ ಹಗ್ಗ, ಸಲಿಕೆ, ಚಕ್ರದ ಕೆಳಗೆ ಕೊಡಲು ಎರಡು ಹಲಗೆ ಹಿಂದೆ ಇಟ್ಟರು. ಉಳಿದ ದುಡ್ಡಿಗೆ ಪಕ್ಕದ ವಸ್ತಿಯವರೂ ಕೈ ಕೂಡಿಸಿ, ಗಾಡಿ ಹೂತ ತಗ್ಗಿಗೆ ಮುರುಮ ಹಾಕಿಸಿದರು. ಟ್ರ್ಯಾಕ್ಟರಿನವರಿಗೂ ಆ ದಾರಿ ಬೇಕಿತ್ತು.

ನನ್ನ ತಮ್ಮನಿಗೆ ಸ್ವಲ್ಪ ಬೇಸರ. ಫೋಟೋದಲ್ಲಿ ನೋಡಿದ ಗಾಡಿ ಅದಲ್ಲ. ಅವನಿಗೆ ಸಮಾಧಾನ ಹೇಳಿದ್ದು ಅತ್ತಿ. ಡಯಾಲಿಸಿಸ್ ಮುಗಿಸಿ ಬಂದ ದಿನ ಅವಳಿಗೆ ಗಾಡಿಯ ಮೆಟ್ಟಿಲು ಏರುವುದೇ ಒಂದು ಗುಡ್ಡ ಏರಿದಂತೆ. "ಇನ್ನೂ ಮೂರು ಇಂಚ್ ಎತ್ರ ಮಾಡ್ಸಿದ್ರ ನನ್ನ ನೀನ ಹೊತ್ಕೊಂಡು ಹತ್ತಸ್ಬೇಕಾಗ್ತಿತ್ತಲ್ಲೋ ತಮ್ಮಾ" ಎಂದಳು. ಲೆಕ್ಕ ಹಾಕುವಾಗ ಈ ಕಲಮು ನನಗೂ ಹೊಳೆದಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗಾಡಿ ಒಂದೇ ಸಲ ಹೂತಿತು. ಗಾಳಿ ಇಳಿಸಿ, ಹಲಗೆ ಕೊಟ್ಟು, ಅರ್ಧ ತಾಸಿನಲ್ಲಿ ತಾವೇ ತೆಗೆದರು. ಅತ್ತಿಯ ಪಾಳಿ ತಪ್ಪಲಿಲ್ಲ.

ಅಂಗಡಿಗೆ ಹೋಗುವಾಗ ನೆನಪಿರಲಿ

* ಗಾಡಿ ಎಲ್ಲಿ ತಾಗುತ್ತದೆ ಎಂದು ಮೊದಲು ನೋಡಿ: ಹೌಸಿಂಗೋ, ಹೊಟ್ಟೆಯೋ, ಬಂಪರೋ.
* ನಾಲ್ಕೂ ಚಕ್ರದ ಮೇಲಿನ ಅಂತರ ಅಳೆಯಿರಿ. ಪಾಟಾ ಕೂತಿದ್ದರೆ ಅದನ್ನು ಮೊದಲು ಸರಿಮಾಡಿಸಿ.
* ಹೊಸ ಟೈರಿನ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಐಎಸ್ಐ ಗುರುತು ನೋಡಿ.
* ಟೈರಿನ ಬದಿಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಎಂದರೆ 2024ರ 23ನೇ ವಾರ. ಹಳೆಯ ಮಾಲು ಬೇಡ ಎನ್ನಿ.
* ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲೂ ತಿಕ್ಕುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹಣ ಕೊಡಿ.
* ಮನೆಯ ಹಿರಿಯರನ್ನು ಒಮ್ಮೆ ಗಾಡಿ ಹತ್ತಿಸಿ ನೋಡಿ.